ಸಣ್ಣ ಟ್ರ್ಯಾಕ್ಟರ್‌ನಿಂದ ಜಮೀನಿನ ಕೆಲಸ: ಮೊದಲು ಭಾರದ ಲೆಕ್ಕ, ಆಮೇಲೆ ಎಚ್‌ಪಿ

20ರಿಂದ 50 ಎಚ್‌ಪಿ ಒಳಗಿನ ಸಣ್ಣ ಟ್ರ್ಯಾಕ್ಟರ್ ನೋಡಲು ಹೋದವರು ಮೊದಲು ಕೇಳುವುದು ಎಂಜಿನ್ ಎಷ್ಟು ಎಚ್‌ಪಿ ಎಂದು. ಪೊದೆ ಕೊಚ್ಚುವಾಗ, ರೋಟಾವೇಟರ್ ಹಾಕುವಾಗ ಎಚ್‌ಪಿ ಲೆಕ್ಕಕ್ಕೆ ಬರುತ್ತದೆ, ನಿಜ. ಆದರೆ ಜಲ್ಲಿ ಎತ್ತುವುದು, ದಿಮ್ಮಿ ಎಳೆಯುವುದು, ದಾರಿ ಸಮ ಮಾಡುವುದು, ಇಳಿಜಾರಿನಲ್ಲಿ ಟ್ರೇಲರ್ ಇಳಿಸುವುದು ಇವೆಲ್ಲ ನಿಂತಿರುವುದು ಭಾರದ ಮೇಲೆ. ಟ್ರ್ಯಾಕ್ಟರ್ ಎಷ್ಟು ತೂಗುತ್ತದೆ, ಆ ತೂಕದಲ್ಲಿ ಹಿಂದಿನ ಚಕ್ರಗಳ ಪಾಲೆಷ್ಟು, ಎತ್ತಿದ ಭಾರ ನೆಲದಿಂದ ಎಷ್ಟು ಮೇಲಿದೆ ಎಂಬ ಮೂರು ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಚಕ್ರ ಸುಮ್ಮನೆ ಗಿರಗಿರ ತಿರುಗುವುದಕ್ಕೂ, ಟ್ರ್ಯಾಕ್ಟರ್ ಮಗುಚುವುದಕ್ಕೂ ಬಹುತೇಕ ಸಲ ಕಾರಣ ಇಲ್ಲೇ ಇರುತ್ತದೆ.

ಹಿಂದೆ ಭಾರ ಕಟ್ಟದೆ ಲೋಡರ್ ಎತ್ತಬೇಡಿ

ಒಂದು ಲೆಕ್ಕ ನೋಡಿ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ 1.6 ಮೀಟರ್ ಅಂತರ ಇರುವ ಟ್ರ್ಯಾಕ್ಟರ್. ಮುಂದಿನ ಅಚ್ಚಿನಿಂದ 1.2 ಮೀಟರ್ ಮುಂದಕ್ಕೆ, ಲೋಡರ್ ಎಂಬ ಮುಂಭಾಗದ ಎತ್ತುವ ತೋಳುಗಳ ಬಕೆಟ್‌ನಲ್ಲಿ 350 ಕೆಜಿ ಭಾರ. ಮುಂದಿನ ಅಚ್ಚು ಇಲ್ಲಿ ತಕ್ಕಡಿಯ ನಡುಗೂಟದಂತೆ ಕೆಲಸ ಮಾಡುತ್ತದೆ. ಹಿಂದಿನ ಚಕ್ರಗಳ ಮೇಲಿಂದ ಸುಮಾರು 260 ಕೆಜಿ ಕಡಿಮೆಯಾಗುತ್ತದೆ, ಮುಂದಿನ ಅಚ್ಚಿನ ಮೇಲೆ 610 ಕೆಜಿ ಹೆಚ್ಚಾಗುತ್ತದೆ. ಎತ್ತಿದ್ದು 350 ಕೆಜಿ, ಅಚ್ಚು ಹೊತ್ತದ್ದು ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು. ಈಗ ಹಿಂದಿನ ಅಚ್ಚಿನಿಂದ 90 ಸೆಂಟಿಮೀಟರ್ ಹಿಂದಕ್ಕೆ, ಉಪಕರಣ ಹಿಡಿದೆತ್ತುವ ಹಿಂದಿನ ಮೂರು ತೋಳುಗಳ ಲಿಂಕೇಜ್‌ನಲ್ಲಿ 250 ಕೆಜಿ ತೂಕ ತೂಗುಹಾಕಿ. ಹಿಂದಿನ ಚಕ್ರಗಳಿಗೆ 390 ಕೆಜಿ ಮರಳಿ ಸೇರುತ್ತದೆ, ಮುಂದಿನ ಅಚ್ಚಿನಿಂದ 140 ಕೆಜಿ ಇಳಿಯುತ್ತದೆ.

ಹಿಂದಿನ ಟೈರಿನೊಳಗೆ ನೀರು ತುಂಬುವುದು, ಚಕ್ರಕ್ಕೆ ಎರಕದ ತೂಕ ಬಿಗಿಯುವುದು ಒಳ್ಳೆಯದೇ, ಆದರೆ ಅವು ಹಿಂದಿನ ಅಚ್ಚಿನ ನೇರಕ್ಕೇ ಇರುತ್ತವೆ. ಹಿಡಿತ ಹೆಚ್ಚುತ್ತದೆ, ಟ್ರ್ಯಾಕ್ಟರ್ ಗಟ್ಟಿಯಾಗಿ ನಿಲ್ಲುತ್ತದೆ, ಮುಂದಿನ ಅಚ್ಚಿನ ಹೊರೆ ಮಾತ್ರ ಒಂದು ಕೆಜಿಯೂ ಇಳಿಯುವುದಿಲ್ಲ. ಮುಂದಿನ ಅಚ್ಚಿನ ಸೀಲ್, ಬೇರಿಂಗ್, ಗೇರ್ ಉಳಿಯಬೇಕಾದರೆ ಅಚ್ಚಿನ ಹಿಂದಕ್ಕೆ ತೂಗುವ ಭಾರವೇ ಬೇಕು. ಎರಡೂ ಇದ್ದರೆ ಅತ್ಯುತ್ತಮ. ಟೈರಿಗೆ ದ್ರವ ತುಂಬುವುದಾದರೆ ವಾಲ್ವ್ ಮೇಲ್ತುದಿಗೆ ಬರುವಂತೆ ಚಕ್ರ ತಿರುಗಿಸಿ, ಆ ಮಟ್ಟದವರೆಗೆ ತುಂಬಿ. ಅದು ಟೈರಿನ ಒಟ್ಟು ಜಾಗದಲ್ಲಿ ನೂರಕ್ಕೆ ಸುಮಾರು 75 ಭಾಗ. ಉಳಿದ ಜಾಗ ಗಾಳಿಗೆ. ನೀರು ಹೆಪ್ಪುಗಟ್ಟುವ ಚಳಿಯ ಊರಾದರೆ ಬರೀ ನೀರು ಆಗದು. ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಭಾರವೂ ಹೌದು, ಹೆಪ್ಪೂ ಗಟ್ಟುವುದಿಲ್ಲ, ಆದರೆ ಟ್ಯೂಬ್ ಇಲ್ಲದಿದ್ದರೆ ರಿಮ್ಮನ್ನು ತುಕ್ಕು ತಿನ್ನಿಸುತ್ತದೆ.

ತೂಕದ ಪೆಟ್ಟಿಗೆ ಕೊಳ್ಳಲೇಬೇಕೆಂದಿಲ್ಲ. ಅರ್ಧಕ್ಕೆ ಕತ್ತರಿಸಿದ 200 ಲೀಟರ್ ಡ್ರಮ್ಮಿನಲ್ಲಿ ಕಾಂಕ್ರೀಟ್ ತುಂಬಿದರೆ ಸುಮಾರು 240 ಕೆಜಿ ಆಗುತ್ತದೆ. ಕೆಳಗಿನ ಎರಡು ಪಿನ್, ಮೇಲಿನ ಒಂದು ಪಿನ್ನಿಗೆ ಬೇಕಾದ ಉಕ್ಕಿನ ಚೌಕಟ್ಟನ್ನು ಕಾಂಕ್ರೀಟ್ ಸುರಿಯುವ ಮೊದಲೇ ಬೆಸುಗೆ ಹಾಕಿಸಿ ಒಳಗಿಡಿ. ಬಾಕ್ಸ್ ಬ್ಲೇಡ್ (ನೆಲ ಕೆರೆದು ಸವರುವ, ಹಲ್ಲುಗಳಿರುವ ಪೆಟ್ಟಿಗೆ), ಪೊದೆ ಕಟರ್‌ನಂಥ ಭಾರದ ಉಪಕರಣ ಹಿಂದೆ ಇದ್ದರೂ ಆದೀತು, ಆದರೆ ಉದ್ದನೆಯ ಕಟರ್ ಹೊತ್ತು ಇಕ್ಕಟ್ಟಿನಲ್ಲಿ ತಿರುಗುವುದು ಕಷ್ಟ. ಕಾಂಕ್ರೀಟ್ ಗುಂಡು ಗಿಡ್ಡವಾಗಿ ಒತ್ತಾಗಿ ಕೂರುತ್ತದೆ, ಅದೇ ಅನುಕೂಲ.

ಉಪಕರಣ ಜೋಡಿಸುವುದು

ಸಣ್ಣ ಟ್ರ್ಯಾಕ್ಟರ್‌ಗಳ ಲಿಂಕೇಜ್ ಹೆಚ್ಚಾಗಿ ಕೆಟಗರಿ 1. ಕೆಳಗಿನ ಪಿನ್ 22 ಮಿಲಿಮೀಟರ್, ಮೇಲಿನ ಪಿನ್ 19. ಕೆಟಗರಿ 2 ಆದರೆ ಕೆಳಗಿನದು 28, ಮೇಲಿನದು 25. ದಪ್ಪ ತೂತಿಗೆ ಸಣ್ಣ ಪಿನ್ ಹಾಕಬೇಕಾದರೆ ನಡುವೆ ಉಕ್ಕಿನ ಬುಶ್ ಕೂರಿಸಿ. ಹಾಗೇ ಬಿಟ್ಟರೆ ಪಿನ್ ಒದೆದಾಡಿ ತೂತು ಅಂಡಾಕಾರಕ್ಕೆ ಸವೆಯುತ್ತದೆ.

ಸಮನೆಲದ ಮೇಲೆ ಉಪಕರಣ ಇಟ್ಟಿದ್ದರೆ ಜೋಡಣೆ ಅರ್ಧ ಸುಲಭ. ನೇರವಾಗಿ ಹಿಂದಕ್ಕೆ ಬನ್ನಿ, ಕೆಳಗಿನ ತೋಳುಗಳು ಪಿನ್ನಿನ ಮಟ್ಟಕ್ಕೆ ಬಂದಾಗ ನಿಲ್ಲಿಸಿ, ಬ್ರೇಕ್ ಹಾಕಿ, ಎಂಜಿನ್ ಆರಿಸಿ ಇಳಿಯಿರಿ. ಮೊದಲು ಎಡತೋಳು, ಆಮೇಲೆ ಬಲತೋಳು, ಕೊನೆಗೆ ಟಾಪ್ ಲಿಂಕ್, ಅಂದರೆ ಮೇಲಿನ ನಡುತೋಳು. ಬಲತೋಳಿಗೇ ಸಾಮಾನ್ಯವಾಗಿ ಎತ್ತರ ಹೊಂದಿಸುವ ಹಿಡಿ ಇರುವುದರಿಂದ ಈ ಕ್ರಮ: ಎಡಗಡೆ ಕೂತ ಮೇಲೆ ಬಲಗಡೆಯದನ್ನು ತಿರುಗಿಸಿ ಸೇರಿಸಬಹುದು. ಬಿಚ್ಚುವಾಗ ಉಪಕರಣ ನೆಲಕ್ಕಿಳಿಸಿ, ಪಿಟಿಒ ಶಾಫ್ಟ್ (ಎಂಜಿನ್ ಶಕ್ತಿಯನ್ನು ಉಪಕರಣಕ್ಕೆ ಒಯ್ಯುವ ತಿರುಗುವ ದಂಡ) ತೆಗೆದು, ಟಾಪ್ ಲಿಂಕ್ ಸಡಿಲಿಸಿ, ಕೊನೆಗೆ ಕೆಳಗಿನ ತೋಳುಗಳು. ಇನ್ನೊಬ್ಬರು ಟ್ರ್ಯಾಕ್ಟರ್ ಹಿಂದೆ ತರುತ್ತಿರುವಾಗ ಟ್ರ್ಯಾಕ್ಟರ್‌ಗೂ ಉಪಕರಣಕ್ಕೂ ನಡುವೆ ಯಾರೂ ನಿಲ್ಲಬಾರದು, ಪಿನ್ ತೋರಿಸಲೂ ನಿಲ್ಲಬಾರದು. ಕ್ಲಚ್ಚಿನಿಂದ ಕಾಲು ಜಾರಿದರೆ ತಪ್ಪಿಸಿಕೊಳ್ಳಲು ಅಲ್ಲಿ ಜಾಗವಿಲ್ಲ.

ಜೋಡಿಸಿದ ಮೇಲೆ ಎರಡು ಮಟ್ಟ ನೋಡಿ. ಎಡಬಲದ ಮಟ್ಟ ಬಲತೋಳಿನ ಹಿಡಿಯಿಂದ. ಹಿಂದುಮುಂದಿನ ಮಟ್ಟ ಟಾಪ್ ಲಿಂಕ್‌ನಿಂದ: ಅದನ್ನು ಗಿಡ್ಡ ಮಾಡಿದರೆ ಉಪಕರಣದ ಮುಂಭಾಗ ನೆಲ ಕಚ್ಚುತ್ತದೆ, ಉದ್ದ ಮಾಡಿದರೆ ಹಿಂಭಾಗ ಕೂರುತ್ತದೆ. ಪಕ್ಕಕ್ಕೆ ಓಲಾಡದಂತೆ ಚೆಕ್ ಚೈನ್ ಬಿಗಿಯಿರಿ, ಕಟರ್‌ಗೂ ಬ್ಲೇಡಿಗೂ ಎರಡು ಮೂರು ಸೆಂಟಿಮೀಟರ್ ಆಟ ಸಾಕು.

ಪಿಟಿಒ ಶಾಫ್ಟ್ ಉದ್ದ

ಹೊಸ ಕಟರ್ ಅಥವಾ ರೋಟಾವೇಟರ್ ಜೊತೆ ಬರುವ ಶಾಫ್ಟ್ ಸಣ್ಣ ಟ್ರ್ಯಾಕ್ಟರ್‌ಗೆ ಬಹಳ ಸಲ ಉದ್ದವಾಗುತ್ತದೆ. ಹಾಗೇ ಹಾಕಿ ಲಿಂಕೇಜ್ ಎತ್ತಿದರೆ ಶಾಫ್ಟ್‌ನ ಎರಡು ಕೊಳವೆ ಒಂದಕ್ಕೊಂದು ತಳಮುಟ್ಟಿ ಟ್ರ್ಯಾಕ್ಟರ್‌ನ ಪಿಟಿಒ ಬೇರಿಂಗನ್ನೋ ಉಪಕರಣದ ಗೇರ್‌ಬಾಕ್ಸನ್ನೋ ಒಡೆಯುತ್ತದೆ. ದುಬಾರಿ ರಿಪೇರಿ, ತಡೆಯಲು ಬೇಕಾದ್ದು ಒಂದು ಗಂಟೆ ಕೆಲಸ.

ಶಾಫ್ಟನ್ನು ಎರಡಾಗಿ ಬಿಚ್ಚಿ, ಒಂದು ತುಂಡನ್ನು ಟ್ರ್ಯಾಕ್ಟರ್‌ಗೆ, ಇನ್ನೊಂದನ್ನು ಉಪಕರಣಕ್ಕೆ ಸಿಕ್ಕಿಸಿ ಪಕ್ಕಪಕ್ಕ ಹಿಡಿಯಿರಿ. ಲಿಂಕೇಜನ್ನು ನಿಧಾನವಾಗಿ ಮೇಲೆ ಕೆಳಗೆ ಮಾಡಿ, ಎರಡು ತುದಿ ಅತಿ ಹತ್ತಿರ ಬರುವ ಮಟ್ಟದಲ್ಲಿ ನಿಲ್ಲಿಸಿ, ಉಪಕರಣದ ಕೆಳಗೆ ಮರದ ಕೊರಡು ಇಟ್ಟು, ಎಂಜಿನ್ ಆರಿಸಿ. ಆ ಸ್ಥಿತಿಯಲ್ಲಿ ಪ್ರತಿ ಕೊಳವೆಯ ತುದಿಗೂ ಎದುರಿನ ಜಾಯಿಂಟಿಗೂ ನಡುವೆ ಕನಿಷ್ಠ 25 ಮಿಲಿಮೀಟರ್ ಜಾಗ ಉಳಿಯಬೇಕು. ಎಷ್ಟು ಕತ್ತರಿಸಬೇಕೆಂದು ಗುರುತು ಹಾಕಿ, ಒಳಕೊಳವೆ, ಹೊರಕೊಳವೆ, ಅವುಗಳ ಪ್ಲಾಸ್ಟಿಕ್ ಕವಚ ನಾಲ್ಕನ್ನೂ ಒಂದೇ ಅಳತೆಗೆ ಕತ್ತರಿಸಿ. ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ ನಯ ಮಾಡಿ, ಉಕ್ಕಿನ ಪುಡಿ ಒರೆಸಿ, ಗ್ರೀಸ್ ಹಚ್ಚಿ ಸೇರಿಸಿ. ಇನ್ನು ಉಪಕರಣ ಅತಿ ದೂರ ಹೋಗುವ ಸ್ಥಿತಿಯಲ್ಲಿ ಒಂದು ಕೊಳವೆಯ ಮೂರನೇ ಒಂದು ಭಾಗವಾದರೂ ಇನ್ನೊಂದರೊಳಗೆ ಇರಬೇಕು. ಕಡಿಮೆಯಾದರೆ ಬಾಗುತ್ತದೆ, ಕಳಚಿಕೊಂಡೂ ಬರುತ್ತದೆ. ಆದ್ದರಿಂದ ಒಮ್ಮೆಗೇ ಹೆಚ್ಚು ಕತ್ತರಿಸದೆ, ಕತ್ತರಿಸುವ ಮೊದಲೇ ಎರಡೂ ತುದಿಯ ಅಳತೆ ನೋಡಿಕೊಳ್ಳಿ.

ಪಿಟಿಒ ಸಾಮಾನ್ಯವಾಗಿ ತಿರುಗುವ 540 ಆರ್‌ಪಿಎಂ (ನಿಮಿಷಕ್ಕೆ 540 ಸುತ್ತು) ಎಂದರೆ ಸೆಕೆಂಡಿಗೆ 9 ಸುತ್ತು. 7 ಸೆಂಟಿಮೀಟರ್ ದಪ್ಪದ ಶಾಫ್ಟ್ ಒಂದು ಸೆಕೆಂಡಿನಲ್ಲಿ ಸುಮಾರು 2 ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ಕೈ ಹಿಂದಕ್ಕೆಳೆದುಕೊಳ್ಳುವಷ್ಟು ಸಮಯ ಮನುಷ್ಯನಿಗೆ ಸಿಗುವುದಿಲ್ಲ. ಕವಚ ಒಡೆದಿದ್ದರೆ ಬದಲಿಸಿದ ಮೇಲೆಯೇ ಕೆಲಸ. ಕವಚದ ಸಣ್ಣ ಸರಪಳಿಯನ್ನು ಟ್ರ್ಯಾಕ್ಟರ್‌ಗೂ ಉಪಕರಣಕ್ಕೂ ಸಿಕ್ಕಿಸಿ, ಅದಿಲ್ಲದಿದ್ದರೆ ಕವಚವೂ ಶಾಫ್ಟ್ ಜೊತೆಗೇ ತಿರುಗುತ್ತದೆ. ದುಪಟ್ಟಾ, ಟವೆಲ್, ಸಡಿಲ ತೋಳಿನ ಅಂಗಿ, ಬಿಚ್ಚಿದ ಕೂದಲು ಹತ್ತಿರಕ್ಕೂ ಬೇಡ. ತಿರುಗುವ ಶಾಫ್ಟನ್ನು ದಾಟಬೇಡಿ, ಟ್ರ್ಯಾಕ್ಟರ್ ಸುತ್ತಿಕೊಂಡು ಹೋಗಿ.

ಲೋಡರ್ ಕೆಲಸ

ಬಕೆಟ್‌ನಲ್ಲಿ ಎಷ್ಟು ಭಾರ ಬಿತ್ತು ಎಂಬುದನ್ನು ಕಣ್ಣಳತೆಯಲ್ಲಿ ಹೇಳುವುದು ಕಷ್ಟ, ಏಕೆಂದರೆ ಅದೇ ಬಕೆಟ್ ಒಣಹುಲ್ಲಿಗೂ ಅಷ್ಟೇ ತುಂಬುತ್ತದೆ, ಒದ್ದೆ ಮರಳಿಗೂ ಅಷ್ಟೇ. ಒಂದು ಘನ ಮೀಟರ್ ಜಲ್ಲಿ ಸುಮಾರು 1,600 ಕೆಜಿ, ಒದ್ದೆ ಮರಳು 1,900 ಕೆಜಿ ಆಸುಪಾಸು. 0.2 ಘನ ಮೀಟರ್ ಬಕೆಟ್ ಎಂದರೆ ಕ್ರಮವಾಗಿ 320 ಮತ್ತು 380 ಕೆಜಿ. ಲೋಡರ್ ಜೊತೆ ಬರುವ ಪುಸ್ತಕದಲ್ಲಿ ಬರೆದ ಎತ್ತುವ ಸಾಮರ್ಥ್ಯ ಹಲವು ಸಲ ಬಕೆಟ್ ಪಿನ್ನಿನ ಬಳಿಯ ಅಳತೆ. ಭಾರ ಪಿನ್ನಿನಿಂದ ಅರ್ಧ ಮೀಟರ್ ಮುಂದಿದ್ದರೆ ಸಾಮರ್ಥ್ಯ ಸಾಕಷ್ಟು ಇಳಿಯುತ್ತದೆ. ಬಕೆಟ್ ಬದಲು ಫೋರ್ಕ್ (ಸಾಮಾನು ಎತ್ತುವ ಉದ್ದ ಕವಲು) ಹಾಕಿದಾಗ ಇನ್ನೂ ಕಡಿಮೆ, ಏಕೆಂದರೆ ಫೋರ್ಕ್ ತಾನೇ ಭಾರ, ಮೇಲಾಗಿ ಸಾಮಾನು ಇನ್ನೂ ಮುಂದಕ್ಕೆ ಕೂರುತ್ತದೆ.

ರಾಶಿಗೆ ನುಗ್ಗುವಾಗ ಬಕೆಟ್ ತಳ ನೆಲಕ್ಕೆ ಸಮವಾಗಿರಲಿ. ಮೂಗು ತಗ್ಗಿಸಿ ನುಗ್ಗಿದರೆ ಬಕೆಟ್ ನೆಲ ಅಗೆಯುತ್ತದೆ, ಮುಂದಿನ ಚಕ್ರ ಮೇಲೇಳುತ್ತದೆ. ಲೋ ಗೇರ್, 4 ಚಕ್ರದ ಚಾಲನೆ ಹಾಕಿ, ನಿಧಾನವಾಗಿ ತಳ್ಳುತ್ತಾ ಹೋಗಿ, ರಾಶಿ ತಡೆ ಕೊಡುತ್ತಿದ್ದಂತೆ ಬಕೆಟನ್ನು ಸ್ವಲ್ಪ ಸ್ವಲ್ಪವಾಗಿ ಒಳಕ್ಕೆ ಮಡಚುತ್ತಾ ಜೊತೆಗೇ ಎತ್ತಿ. ವೇಗದಿಂದ ಗುದ್ದುವುದರಿಂದ ಬಕೆಟ್ ಹೆಚ್ಚು ತುಂಬುವುದಿಲ್ಲ, ಲೋಡರ್ ಚೌಕಟ್ಟಿನ ಬೋಲ್ಟ್‌ಗಳು ಸಡಿಲವಾಗುತ್ತವೆ ಅಷ್ಟೇ. ಹೈಡ್ರೋಸ್ಟಾಟಿಕ್ ಪೆಡಲ್ (ಗೇರ್ ಬದಲಿಸದೆ ಎಣ್ಣೆಯ ಒತ್ತಡದಿಂದ ಓಡಿಸುವ ಪೆಡಲ್) ಇರುವವರಿಗೆ ಒಂದು ಮಾತು: ರಾಶಿಯಲ್ಲಿ ಸಿಕ್ಕಿ ಎಂಜಿನ್ ಉಸಿರು ಕಟ್ಟಿದಂತಾದರೆ ಪೆಡಲನ್ನು ಇನ್ನಷ್ಟು ಒತ್ತಬೇಡಿ, ಸ್ವಲ್ಪ ಬಿಡಿ. ಹೆಚ್ಚು ಒತ್ತುವುದೆಂದರೆ ಹೆಚ್ಚಿನ ಗೇರಿಗೆ ಹಾಕಿದಂತೆ, ತಳ್ಳುವ ಬಲ ಕಡಿಮೆಯಾಗುತ್ತದೆ. ಕಾರು ಓಡಿಸಿದ ಕಾಲಿಗೆ ಇದು ಉಲ್ಟಾ ಅನಿಸುತ್ತದೆ, ಕೆಲವು ದಿನದಲ್ಲಿ ಅಭ್ಯಾಸವಾಗುತ್ತದೆ.

ತುಂಬಿದ ಬಕೆಟ್ ನೆಲದಿಂದ 20ರಿಂದ 30 ಸೆಂಟಿಮೀಟರ್ ಮೇಲಿರಲಿ, ಅದಕ್ಕಿಂತ ಎತ್ತರದಲ್ಲಿ ಸಾಗಿಸಬೇಡಿ. ಸುರಿಯುವ ಜಾಗಕ್ಕೆ ಬಂದು, ನಿಂತು, ಆಮೇಲೆ ಎತ್ತಿ. ಎತ್ತಿದ ಬಕೆಟ್ ಜೊತೆ ತಿರುಗುವುದೇ ಪಕ್ಕಕ್ಕೆ ಮಗುಚುವುದಕ್ಕೆ ಅತಿ ಸುಲಭದ ದಾರಿ. ಒಂದು ಹಿಂದಿನ ಚಕ್ರ ಹಗುರಾಗಿ ಏಳುತ್ತಿದೆ ಅನಿಸಿದ ಕೂಡಲೇ ಬಕೆಟ್ ನೆಲಕ್ಕೆ ಇಳಿಸಿ, ಬೇರೇನೂ ಯೋಚಿಸಬೇಡಿ.

ಹಿಂದಕ್ಕೆ ಎಳೆದು ನೆಲ ಸವರುವಾಗ ಬಕೆಟನ್ನು ಪೂರ್ತಿ ಕೆಳಕ್ಕೆ ಬಗ್ಗಿಸಿ ಲಂಬವಾಗಿ ನಿಲ್ಲಿಸಬೇಡಿ. ಆಗ ಸಿಲಿಂಡರ್‌ಗಳ ದಂಡ ಪೂರ್ತಿ ಹೊರಗಿರುತ್ತದೆ, ನೆಲದಲ್ಲಿ ಹೂತ ಒಂದು ಕಲ್ಲು ತಗುಲಿದರೂ ದಂಡ ಬಾಗುತ್ತದೆ. ಬಾಗಿದ ದಂಡ ಸೀಲನ್ನು ಕತ್ತರಿಸಿ ಎಣ್ಣೆ ಸೋರಿಸುತ್ತದೆ. ಬಕೆಟ್‌ನ ಒಂದೇ ಮೂಲೆಯಿಂದ ಕಲ್ಲು, ಬೇರು ಕೀಳುವುದೂ ಬೇಡ, ತೋಳುಗಳು ತಿರುಚಿಕೊಳ್ಳುತ್ತವೆ. ದುಂಡು ಹುಲ್ಲಿನ ಸುರುಳಿ, ಉದ್ದ ಕಂಬ, ದಿಮ್ಮಿಗಳನ್ನು ಬರೀ ಬಕೆಟ್‌ನಲ್ಲಿ ಎತ್ತಿದರೆ ತೋಳಿನ ಮೇಲೆ ಉರುಳಿಕೊಂಡು ಬಂದು ಚಾಲಕನ ಎದೆಗೇ ಬೀಳುತ್ತವೆ. ಸುರುಳಿಗೆ ಚುಚ್ಚುವ ಕೋಲು, ದಿಮ್ಮಿಗೆ ಹಿಡಿಯುವ ಪಂಜ ಬೇಕೇಬೇಕು.

ಹೈಡ್ರಾಲಿಕ್ ಹೋಸ್ ಸೋರುತ್ತಿದೆಯೇ ಎಂದು ಕೈಯಿಂದ ಸವರಿ ನೋಡಬೇಡಿ. 170 ಬಾರ್ ಒತ್ತಡದಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಚಿಕ್ಕದಾಗಿ ಕಾಣುತ್ತದೆ, ಆದರೆ ತಕ್ಷಣ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಒಂದು ರಟ್ಟಿನ ತುಂಡು ಹಿಡಿದು ನೋಡಿ, ಎಣ್ಣೆ ಅದರ ಮೇಲೆ ಗುರುತು ಬಿಡುತ್ತದೆ.

ಪೊದೆ, ಹುಲ್ಲು ಕೊಚ್ಚುವುದು

ಕಟರ್‌ನ ಪ್ರತಿ ಅಡಿ ಅಗಲಕ್ಕೆ ಪಿಟಿಒ ಬಳಿ 5 ಎಚ್‌ಪಿ ಲೆಕ್ಕ ಇಟ್ಟುಕೊಳ್ಳಿ. 5 ಅಡಿ, ಅಂದರೆ ಒಂದೂವರೆ ಮೀಟರ್ ಕಟರ್‌ಗೆ 25 ಎಚ್‌ಪಿ. ಎಂಜಿನ್ ಮೇಲೆ ಬರೆದ ಎಚ್‌ಪಿ ಇದಕ್ಕಿಂತ ಹೆಚ್ಚಿರುತ್ತದೆ, ಪಿಟಿಒ ಸಂಖ್ಯೆಯನ್ನೇ ನೋಡಿ. ಒಂದೂವರೆ ಮೀಟರ್ ಕಟರ್ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ, ತಿರುವು ಮತ್ತು ಸಾಲಿನ ಮೇಲೆ ಸಾಲು ಬೀಳುವ ಜಾಗ ಕಳೆದರೆ, ಗಂಟೆಗೆ ಸುಮಾರು ಒಂದೂವರೆ ಎಕರೆ ಮುಗಿಸುತ್ತದೆ. ಎದೆಮಟ್ಟ ಬೆಳೆದ ಪೊದೆಯಲ್ಲಿ ಇದರ ಅರ್ಧವೂ ಆಗುವುದಿಲ್ಲ.

ಮೊದಲು ನಡೆದು ನೋಡಿ. ತಂತಿ, ಕಲ್ಲು, ಕಡಿದ ಮರದ ಬುಡ, ಹಳೆ ಪೈಪು ಇವುಗಳ ಪಕ್ಕ ಬಣ್ಣದ ಬಟ್ಟೆ ಕಟ್ಟಿದ ಕೋಲು ನೆಡಿ. ತಂತಿ ಎಲ್ಲಕ್ಕಿಂತ ಕೆಟ್ಟದ್ದು: ಬ್ಲೇಡಿನ ದಂಡಕ್ಕೆ ಸುತ್ತಿಕೊಂಡು ಸೀಲ್ ತಿಂದುಹಾಕುತ್ತದೆ, ಗೇರ್‌ಬಾಕ್ಸ್ ಎಣ್ಣೆ ಕೆಳಗಿಂದ ಸುರಿದುಹೋಗುತ್ತದೆ, ಮೇಲೆ ಕೂತವರಿಗೆ ಗೊತ್ತೇ ಆಗುವುದಿಲ್ಲ. ಕಲ್ಲಿನ ಚೂರು ಬಹಳ ದೂರ ಹಾರುತ್ತದೆ, ಆದ್ದರಿಂದ ಜನ, ದನಕರು, ವಾಹನ 100 ಮೀಟರ್ ಆಚೆ ಇರಲಿ. ಕಟರ್‌ನ ಮುಂದೆ ಹಿಂದೆ ಸರಪಳಿ ಪರದೆ ಇದ್ದರೆ ಬಿಚ್ಚಬೇಡಿ.

ಹೊಂದಿಸುವಾಗ ಕಟರ್‌ನ ಮುಂಭಾಗ ಹಿಂಭಾಗಕ್ಕಿಂತ 20–25 ಮಿಲಿಮೀಟರ್ ತಗ್ಗಿರಲಿ. ಹೀಗಿದ್ದರೆ ಹುಲ್ಲು ಒಂದೇ ಸಲ ಕತ್ತರಿಸಿ ಹಿಂದಿನಿಂದ ಹೊರಬೀಳುತ್ತದೆ. ಹಿಂಭಾಗ ತಗ್ಗಾದರೆ ಕತ್ತರಿಸಿದ್ದನ್ನೇ ಮತ್ತೆ ಮತ್ತೆ ಅರೆಯುತ್ತದೆ, ಎಂಜಿನ್ ಏದುಸಿರು ಬಿಡುತ್ತದೆ. ಪಿಟಿಒ ಹಾಕುವಾಗ ಎಂಜಿನ್ 1,000–1,200 ಆರ್‌ಪಿಎಂನಲ್ಲಿರಲಿ, ಬ್ಲೇಡ್ ತಿರುಗಲು ಶುರುವಾದ ಮೇಲೆ ಮೀಟರಿನಲ್ಲಿ 540 ಎಂದು ಗುರುತಿರುವ ಕಡೆಗೆ ಏರಿಸಿ. ಅಲ್ಲಿಂದ ಇಳಿಸಬೇಡಿ. ವೇಗ ಕಡಿಮೆ ಬೇಕಾದರೆ ಗೇರ್ ಇಳಿಸಿ. ಬ್ಲೇಡಿನ ವೇಗ ತಗ್ಗಿದರೆ ಹುಲ್ಲು ಕಡಿಯದೆ ಮಲಗುತ್ತದೆ. ಎತ್ತರದ ಪೊದೆಯಾದರೆ ಮೊದಲ ಸುತ್ತು 20–25 ಸೆಂಟಿಮೀಟರ್ ಎತ್ತರದಲ್ಲಿ, ಎರಡನೆಯದು ಬೇಕಾದ ಮಟ್ಟದಲ್ಲಿ. ಮೊದಲ ಸುತ್ತಿನಲ್ಲೇ ಅಡಗಿದ್ದ ಕಲ್ಲುಬುಡಗಳು ಕಾಣಿಸಿಕೊಳ್ಳುತ್ತವೆ.

ಹೊರೆ ಮಿತಿಮೀರಿದಾಗ ಮುರಿದು ಯಂತ್ರ ಉಳಿಸಲೆಂದೇ ಇಟ್ಟ ಶಿಯರ್ ಬೋಲ್ಟ್ ಮುರಿದರೆ ಅದು ತನ್ನ ಕೆಲಸ ಮಾಡಿದೆ ಎಂದೇ ಅರ್ಥ. ಪುಸ್ತಕ ಹೇಳಿದ ದರ್ಜೆಯ ಬೋಲ್ಟನ್ನೇ ಹಾಕಿ. ಪದೇ ಪದೇ ಮುರಿಯುತ್ತದೆಂದು ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಸಲ ಮುರಿಯುವುದು ಗೇರ್‌ಬಾಕ್ಸ್. ಸ್ಲಿಪ್ ಕ್ಲಚ್ (ಹೊರೆ ಮಿತಿಮೀರಿದಾಗ ಜಾರಿ ಗೇರ್ ಉಳಿಸುವ ತಟ್ಟೆಗಳು) ಇರುವ ಕಟರ್ ಮಳೆಗಾಲವಿಡೀ ನಿಂತಿದ್ದರೆ ಅದರ ತಟ್ಟೆಗಳು ತುಕ್ಕಿನಿಂದ ಅಂಟಿಕೊಂಡಿರುತ್ತವೆ, ಆಗ ಅದು ಜಾರುವುದೇ ಇಲ್ಲ. ಸ್ಪ್ರಿಂಗ್‌ಗಳ ಈಗಿನ ಉದ್ದ ಅಳೆದು ಬರೆದಿಡಿ. ನಟ್‌ಗಳನ್ನು ಸಡಿಲಿಸಿ, ತಟ್ಟೆಗಳ ಅಂಚಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ಪಿಟಿಒ ಎರಡು ಮೂರು ಸೆಕೆಂಡು ಹಾಕಿ ತೆಗೆಯಿರಿ, ಎಂಜಿನ್ ಆರಿಸಿ ಇಳಿದು ನೋಡಿ. ಗೆರೆ ತುಂಡುತುಂಡಾಗಿ ಸರಿದಿದ್ದರೆ ಕ್ಲಚ್ ಬಿಟ್ಟುಕೊಂಡಿದೆ, ಸ್ಪ್ರಿಂಗನ್ನು ಮೊದಲಿನ ಉದ್ದಕ್ಕೇ ಬಿಗಿಯಿರಿ.

ಬ್ಲೇಡ್ ಮಸೆಯುವಾಗ ಚಾಕುವಿನ ಹರಿತ ಬೇಡ, ಒಂದೂವರೆ ಮಿಲಿಮೀಟರ್ ದಪ್ಪದ ಅಂಚು ಉಳಿಸಿ. ತೆಳುವಾದರೆ ಮೊದಲ ಕಲ್ಲಿಗೇ ಹಲ್ಲು ಬೀಳುತ್ತದೆ. ಬದಲಿಸುವಾಗ ಜೋಡಿಯಾಗಿಯೇ ಬದಲಿಸಿ. ಕಟರ್ ಕೆಳಗೆ ಕೈ ಹಾಕುವ ಮೊದಲು ಗಟ್ಟಿ ಕೊರಡಿನ ಮೇಲೆ ಕೂರಿಸಿ, ಲಿಂಕೇಜ್ ಹಿಡಿದುಕೊಂಡಿದೆ ಎಂದು ನಂಬಬೇಡಿ. ಹೈಡ್ರಾಲಿಕ್ ನಿಧಾನವಾಗಿ ಇಳಿಯುತ್ತದೆ, ಯಾರೋ ಲಿವರ್ ಮುಟ್ಟಿದರೆ ಒಮ್ಮೆಗೇ ಇಳಿಯುತ್ತದೆ.

ಒಣಹುಲ್ಲಿನಲ್ಲಿ ಕೆಲಸ ಮಾಡುವಾಗ ರೇಡಿಯೇಟರ್ ಜಾಲರಿ ಹುಲ್ಲಿನ ಬೀಜ, ಹೊಟ್ಟಿನಿಂದ ತುಂಬಿಕೊಳ್ಳುತ್ತದೆ. ಬಿಸಿಯ ಮುಳ್ಳು ಮೇಲೇರುವವರೆಗೆ ಕಾಯದೆ ಗಂಟೆಗೊಮ್ಮೆ ನಿಲ್ಲಿಸಿ ತೆಗೆದು ಕೊಡವಿ.

ಮಣ್ಣಿನ ದಾರಿ ಸರಿಪಡಿಸುವುದು

ದಾರಿಯನ್ನು ಹಾಳುಮಾಡುವುದು ನೀರು. ಆದ್ದರಿಂದ ಕೆಲಸದ ಗುರಿ ಸಪಾಟು ಮಾಡುವುದಲ್ಲ, ನಡುವೆ ಉಬ್ಬು ಕೊಡುವುದು. ನೂರಕ್ಕೆ ನಾಲ್ಕರ ಇಳಿಜಾರು ಸಾಕು: 3 ಮೀಟರ್ ಅಗಲದ ದಾರಿಯಲ್ಲಿ ನಡುಭಾಗ ಅಂಚಿಗಿಂತ 6 ಸೆಂಟಿಮೀಟರ್ ಎತ್ತರ.

ಗುಂಡಿಗೆ ಮೇಲಿಂದ ಜಲ್ಲಿ ಸುರಿದು ಮುಚ್ಚುವುದು ವ್ಯರ್ಥ. ಗುಂಡಿಯ ಗೋಡೆ ಗಟ್ಟಿಯಾಗಿಯೇ ಉಳಿಯುತ್ತದೆ, ಒಳಗೆ ನೀರು ನಿಲ್ಲುತ್ತದೆ, ಚಕ್ರ ಬಿದ್ದಾಗಲೆಲ್ಲ ಜಲ್ಲಿ ಹೊರಗೆ ಚಿಮ್ಮುತ್ತದೆ, ಕೆಲವು ವಾರದಲ್ಲಿ ಗುಂಡಿ ಹಾಗೇ ಮರಳುತ್ತದೆ. ಬಾಕ್ಸ್ ಬ್ಲೇಡಿನ ಹಲ್ಲುಗಳನ್ನು ಇಳಿಸಿ, ಟಾಪ್ ಲಿಂಕ್ ಗಿಡ್ಡ ಮಾಡಿ, ಗುಂಡಿಯ ತಳದ ಆಳಕ್ಕೆ ಇಡೀ ಮೇಲ್ಪದರ ಕೆರೆಯಿರಿ. ಒಂದೇ ಸಲಕ್ಕೆ ಆ ಆಳ ಸಿಗದು, ಎರಡು ಮೂರು ಸುತ್ತು ಬೇಕು. ಮಳೆ ಬಂದ ಮರುದಿನ, ಮಣ್ಣು ಕೈಯಲ್ಲಿ ಹಿಚುಕಿದರೆ ಉಂಡೆಯಾಗುವ, ಆದರೆ ಅಂಟದ ಹದದಲ್ಲಿ ಈ ಕೆಲಸ ಅತ್ಯಂತ ಚೆನ್ನಾಗಿ ಸಾಗುತ್ತದೆ. ಪೂರ್ತಿ ಒಣಗಿದ ನೆಲದಲ್ಲಿ ಹಲ್ಲು ಮೇಲೆಯೇ ಕುಣಿಯುತ್ತದೆ, ಕೆರೆದದ್ದೂ ಮತ್ತೆ ಕೂಡಿಕೊಳ್ಳುವುದಿಲ್ಲ.

ಸಡಿಲವಾದ ಮೇಲೆ ಹಲ್ಲು ಮೇಲಕ್ಕೆತ್ತಿ, ಬಲತೋಳಿನ ಹಿಡಿ ತಿರುಗಿಸಿ ಬ್ಲೇಡಿನ ಅಂಚಿನ ಕಡೆಯ ತುದಿಯನ್ನು ತುಸು ತಗ್ಗಿಸಿ. ದಾರಿಯ ಅಂಚಿನಿಂದ ಮಣ್ಣು ನಡುವಿಗೆ ಬರುವಂತೆ ಒಂದು ಕಡೆ ಹೋಗುತ್ತಾ ಒಂದು ಸುತ್ತು, ಬರುತ್ತಾ ಇನ್ನೊಂದು ಅಂಚಿನ ಸುತ್ತು. ಪೆಟ್ಟಿಗೆಯಲ್ಲಿ ಸದಾ ಸ್ವಲ್ಪ ಮಣ್ಣು ಇದ್ದರೆ ತಗ್ಗುಗಳು ತಾವಾಗಿಯೇ ತುಂಬುತ್ತವೆ. ಕೊನೆಯ ಸುತ್ತಿಗೆ ಟಾಪ್ ಲಿಂಕ್ ಉದ್ದ ಮಾಡಿ ಹಿಂದಿನ ಬ್ಲೇಡಿನಿಂದ ಸವರಿ.

ಹೊಸಬರಿಗೆ ಕಾಡುವುದು ಅಲೆ ಅಲೆಯಾಗಿ ಮೇಲ್ಮೈ ಬರುವುದು. ಟ್ರ್ಯಾಕ್ಟರ್‌ನ ಮುಂದಿನ ಚಕ್ರ ಒಂದು ದಿಬ್ಬ ಏರಿದರೆ ಹಿಂದಿನ ಬ್ಲೇಡ್ ನೆಲಕ್ಕೆ ಒತ್ತಿ ಗುಳಿ ಮಾಡುತ್ತದೆ, ಚಕ್ರ ಇಳಿದಾಗ ಬ್ಲೇಡ್ ಎದ್ದು ಗುಡ್ಡೆ ಬಿಡುತ್ತದೆ, ಮುಂದಿನ ಸುತ್ತಿನಲ್ಲಿ ಆ ಗುಡ್ಡೆಯೇ ಹೊಸ ಅಲೆ. ಪರಿಹಾರ ಎರಡು: ಗಂಟೆಗೆ 3–4 ಕಿಲೋಮೀಟರ್ ಮೀರದ ವೇಗ, ಮತ್ತು ಒಂದೆರಡು ಸುತ್ತು ದಾರಿಗೆ ಓರೆಯಾಗಿ ಹಾಯುವುದು. ಲಿವರ್ ಹಿಡಿದು ಕ್ಷಣಕ್ಷಣಕ್ಕೂ ಎತ್ತಿ ಇಳಿಸುವುದರಿಂದ ಅಲೆ ಹೆಚ್ಚುತ್ತದೆ.

ಹೊಸ ಜಲ್ಲಿ ಬೇಕಾದರೆ ಮೊದಲೇ ಲೆಕ್ಕ ಹಾಕಿ. 100 ಮೀಟರ್ ಉದ್ದ, 3 ಮೀಟರ್ ಅಗಲ, 5 ಸೆಂಟಿಮೀಟರ್ ದಪ್ಪಕ್ಕೆ 15 ಘನ ಮೀಟರ್, ಅಂದರೆ ಸುಮಾರು 24 ಟನ್. 0.2 ಘನ ಮೀಟರ್ ಬಕೆಟ್‌ಗೆ ಅದು 75 ಸಲ. ಲಾರಿಯವರಿಗೆ ಹೇಳಿ ಹಿಂಬಾಗಿಲನ್ನು ಸರಪಳಿಯಲ್ಲಿ ಅರೆತೆರೆದು, ಮುಂದಕ್ಕೆ ಚಲಿಸುತ್ತಾ ಸುರಿಸಿಕೊಂಡರೆ ಅದರಲ್ಲಿ ಬಹುಪಾಲು ಉಳಿಯುತ್ತದೆ. ಉರುಟು ಕಲ್ಲಿಗಿಂತ ಪುಡಿ ಬೆರೆತ ಮೊನಚು ಜಲ್ಲಿಯೇ ಬೇಕು, ಉರುಟು ಕಲ್ಲು ಎಂದಿಗೂ ಕೂರುವುದಿಲ್ಲ.

ಕಂಬದ ಗುಂಡಿ

ಕಂಬದ ಒಟ್ಟು ಉದ್ದದ ಮೂರನೇ ಒಂದು ಭಾಗ ನೆಲದೊಳಗೆ ಎಂಬುದು ಬೇಲಿಗೆ ಸಾಕಾಗುವ ಲೆಕ್ಕ. ನೆಲದಡಿ ನೀರಿನ ಪೈಪು, ವಿದ್ಯುತ್ ಕೇಬಲ್ ಎಲ್ಲಿ ಹೋಗಿದೆ ಎಂದು ಖಚಿತವಾಗದೆ ಆಗರ್ (ಗುಂಡಿ ಕೊರೆಯುವ ತಿರುಪು) ಇಳಿಸಬೇಡಿ. ಎಂಜಿನ್ ವೇಗ ಕಡಿಮೆ ಇಟ್ಟು, 15–20 ಸೆಂಟಿಮೀಟರ್ ಕೊರೆದು, ಮೇಲೆತ್ತಿ ಮಣ್ಣು ಕೊಡವಿ, ಮತ್ತೆ ಇಳಿಸಿ. ಒಂದೇ ಉಸಿರಿನಲ್ಲಿ ಇಳಿಸಿದರೆ, ಜಿಗುಟು ಮಣ್ಣಿನಲ್ಲಿ ಆಗರ್ ಸ್ಕ್ರೂ ಥರ ಬಿಗಿದುಕೊಳ್ಳುತ್ತದೆ, ಲಿಂಕೇಜ್ ಎಳೆದರೂ ಬಾರದು. ಆಗ ಪಿಟಿಒ ತೆಗೆದು, ಎಂಜಿನ್ ಆರಿಸಿ, ದೊಡ್ಡ ಪೈಪ್ ರೆಂಚ್‌ನಿಂದ ಹಿಂದುಮುಂದಾಗಿ ತಿರುಗಿಸಿ ಬಿಡಿಸಬೇಕು. ನೆಲ ಗಟ್ಟಿಯೆಂದು ಯಂತ್ರದ ತೋಳಿಗೆ ಜೋತುಬೀಳುವುದು, ಒಬ್ಬರು ಆಗರ್ ಪಕ್ಕ ನಿಂತು ನೇರ ಹಿಡಿಯುವುದು ಪ್ರಾಣಕ್ಕೇ ಬರುತ್ತದೆ: ಶಿಯರ್ ಬೋಲ್ಟಿನ ತಲೆ ಬಟ್ಟೆ ಹಿಡಿಯುತ್ತದೆ. ಗಟ್ಟಿ ನೆಲಕ್ಕೆ ಹಿಂದಿನ ರಾತ್ರಿ ನೀರು ಬಿಡಿ, ಮೊನೆಯ ಹಲ್ಲು ಸವೆದಿದ್ದರೆ ಬದಲಿಸಿ.

ಎಳೆಯುವುದು, ಇಳಿಜಾರು

ಸರಪಳಿ ಕಟ್ಟುವ ಜಾಗ ಒಂದೇ, ಡ್ರಾಬಾರ್, ಅಂದರೆ ಟ್ರ್ಯಾಕ್ಟರ್ ಹಿಂದೆ ತಗ್ಗಿನಲ್ಲಿರುವ ಎಳೆಯುವ ಪಟ್ಟಿ. ಅಚ್ಚಿಗೋ ಟಾಪ್ ಲಿಂಕ್ ಇರುವ ಎತ್ತರಕ್ಕೋ ಕಟ್ಟಿ ಎಳೆದರೆ, ಎಳೆಯುವ ವಸ್ತು ಅಲುಗದಿದ್ದಾಗ ಹಿಂದಿನ ಚಕ್ರ ತಿರುಗುವ ಬದಲು ಟ್ರ್ಯಾಕ್ಟರ್‌ನ ಮೂತಿಯೇ ಮೇಲೆದ್ದು ಹಿಂದಕ್ಕೆ ಮಗುಚುತ್ತದೆ. ಇದಕ್ಕೆ ಬೇಕಾದ್ದು ಒಂದೂವರೆ ಸೆಕೆಂಡಿಗಿಂತ ಕಡಿಮೆ, ಕ್ಲಚ್ ಒತ್ತಬೇಕೆಂದು ಹೊಳೆಯುವಷ್ಟರಲ್ಲಿ ಮುಗಿದಿರುತ್ತದೆ. ಮರದ ಬುಡ ಕೀಳಬೇಕಾದರೆ ಸುತ್ತ ಅಗೆದು ಬೇರು ಕತ್ತರಿಸಿದ ಮೇಲೆ, ಸರಪಳಿಯನ್ನು ಮೊದಲು ಬಿಗಿಯಾಗುವವರೆಗೆ ತೆವಳಿಸಿ, ಆಮೇಲೆ ಎಳೆಯಿರಿ. ಜಗ್ಗಿ ಜಗ್ಗಿ ಎಳೆಯಬೇಡಿ. ನೈಲಾನ್ ಹಗ್ಗ ಹಿಗ್ಗಿ ತುಂಡಾದರೆ ಕೊಕ್ಕೆ ಸಮೇತ ಚಾಲಕನತ್ತ ಹಾರುತ್ತದೆ.

ಎರಡೂ ಹಿಂದಿನ ಚಕ್ರ ಒಟ್ಟಿಗೇ ತಿರುಗುವಂತೆ ಬಿಗಿಯುವ ಡಿಫರೆನ್ಷಿಯಲ್ ಲಾಕ್ ಒಂದು ಚಕ್ರ ಜಾರುತ್ತಿರುವಾಗ ನೇರ ಹೋಗಲು ಮಾತ್ರ. ಚಕ್ರ ನಿಂತಾಗ ಒತ್ತಿ, ತಿರುಗಿಸುವ ಮೊದಲು ಬಿಡಿ.

ಬ್ರೇಕ್ ಇಲ್ಲದ ಟ್ರೇಲರ್‌ನ ಒಟ್ಟು ತೂಕ ಟ್ರ್ಯಾಕ್ಟರ್‌ನ ತೂಕ ಮೀರಬಾರದು. ಇಳಿಜಾರಿಗೆ ಮೊದಲೇ ಲೋ ಗೇರ್ ಹಾಕಿ, ಇಳಿಯುವಾಗ ಕ್ಲಚ್ ಮುಟ್ಟಬೇಡಿ. ಎಡಬಲ ಚಕ್ರಗಳ ಎರಡು ಬ್ರೇಕ್ ಪೆಡಲನ್ನು ಕೊಂಡಿಯಿಂದ ಜೋಡಿಸಿ. ಬಹುಪಾಲು ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. 4 ಚಕ್ರದ ಚಾಲನೆ ಹಾಕಿದ್ದರೆ ಮುಂದಿನ ಚಕ್ರಗಳೂ ತಡೆ ಕೊಡುತ್ತವೆ. ಲೋಡರ್ ತುಂಬಿದ್ದರೆ ಹಿಂದಿನ ಚಕ್ರ ಹಗುರಾಗಿರುವುದರಿಂದ ಇದು ಇನ್ನೂ ಮುಖ್ಯ. ಇಳಿಜಾರಿಗೆ ಅಡ್ಡ ಹೋಗುವುದಕ್ಕಿಂತ ನೇರ ಹತ್ತಿ ಇಳಿಯುವುದು ಮೇಲು, ಭಾರದ ತುದಿ ಸದಾ ಏರಿನ ಕಡೆಗಿರಲಿ: ತುಂಬಿದ ಬಕೆಟ್ ಹತ್ತುವಾಗ ಮುಂದೆ, ಇಳಿಯುವಾಗ ಹಿಮ್ಮುಖವಾಗಿ ಬನ್ನಿ. ಹಳ್ಳ, ಕಾಲುವೆ ಎಷ್ಟು ಆಳವೋ ಅದರ ಅಂಚಿನಿಂದ ಕನಿಷ್ಠ ಅಷ್ಟು ದೂರ. ತಿರುವಿನಲ್ಲಿ ವೇಗ ಎರಡು ಪಟ್ಟಾದರೆ ಹೊರಕ್ಕೆ ತಳ್ಳುವ ಬಲ ನಾಲ್ಕು ಪಟ್ಟು.

ಮಗುಚಿದಾಗ ಚಾಲಕನನ್ನು ಕಾಯುವ, ಸೀಟಿನ ಹಿಂದಿನ ರಕ್ಷಣಾ ಚೌಕಟ್ಟು ನೆಟ್ಟಗಿದ್ದರೆ ಬೆಲ್ಟ್ ಕಟ್ಟಿ. ಕೊಂಬೆ ತಾಗುತ್ತದೆಂದು ಮಡಚಿದ್ದರೆ ಬೆಲ್ಟ್ ಕಟ್ಟಬೇಡಿ, ಆ ಕೊಂಬೆಯಡಿಯಿಂದ ಹೊರಬಂದ ಕೂಡಲೇ ಚೌಕಟ್ಟು ಎತ್ತಿ. ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸುವುದು ಯಾವ ಕಾರಣಕ್ಕೂ ಬೇಡ.

ಆರೈಕೆ

ಲೋಡರ್ ಪಿನ್‌ಗಳು, ಮುಂದಿನ ಅಚ್ಚಿನ ನಡುಪಿನ್, ಪಿಟಿಒ ಕ್ರಾಸ್‌ಗಳಿಗೆ 10 ಗಂಟೆ ಕೆಲಸಕ್ಕೊಮ್ಮೆ ಹೊಸ ಗ್ರೀಸ್ ಹೊರಗೆ ಇಣುಕುವವರೆಗೆ ಹೊಡೆಯಿರಿ. ಹೊಸ ಟ್ರ್ಯಾಕ್ಟರ್ ಆದರೆ ಮೊದಲ 50 ಗಂಟೆಗೆ ಎಂಜಿನ್ ಎಣ್ಣೆ, ಹೈಡ್ರಾಲಿಕ್ ಫಿಲ್ಟರ್ ಬದಲಿಸಬೇಕು. ತಯಾರಿಕೆಯ ಉಕ್ಕಿನ ಪುಡಿ ಆಗಲೇ ಹೊರಬರುವುದು. ಮೊದಲ ಕೆಲವು ದಿನ ಚಕ್ರದ ಬೋಲ್ಟ್, ಲೋಡರ್ ಚೌಕಟ್ಟಿನ ಬೋಲ್ಟ್ ಮತ್ತೆ ಮತ್ತೆ ಬಿಗಿಯಿರಿ. ಹೈಡ್ರಾಲಿಕ್ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಓಡಿಸದೆ ಬದಲಿಸಿ. ಏರ್ ಫಿಲ್ಟರ್‌ನ ಹೊರಗಿನ ಸುರುಳಿಯನ್ನು ನೆಲಕ್ಕೆ ಕುಟ್ಟಬೇಡಿ, ಒಳಗಿನಿಂದ ಹೊರಕ್ಕೆ ಕಡಿಮೆ ಒತ್ತಡದ ಗಾಳಿ ಬಿಡಿ. ಒಳಗಿನ ಸಣ್ಣ ಸುರುಳಿಯನ್ನು ತೊಳೆಯುವುದೂ ಇಲ್ಲ, ಊದುವುದೂ ಇಲ್ಲ, ಬದಲಿಸುವುದಷ್ಟೇ. ಲೋಡರ್ ಬಳಸುವವರು ಮುಂದಿನ ಟೈರಿನ ಗಾಳಿಯನ್ನು ಪುಸ್ತಕ ಹೇಳುವ ಮೇಲಿನ ಮಿತಿಗೆ ಇಡಿ. ಹಿಂದಿನ ಟೈರಿಗೆ ಸಾಮಾನ್ಯವಾಗಿ 12ರಿಂದ 20 ಪಿಎಸ್‌ಐ ಸಾಕು, ಹೆಚ್ಚು ಹಾಕಿದರೆ ಹಿಡಿತ ಹೋಗುತ್ತದೆ. ದಿನದ ಕೊನೆಗೆ ಡೀಸೆಲ್ ಟ್ಯಾಂಕ್ ತುಂಬಿಟ್ಟರೆ ರಾತ್ರಿ ಒಳಗೋಡೆಗೆ ಹನಿಗಟ್ಟುವ ನೀರು ಕಡಿಮೆ.

ನಿಲ್ಲಿಸುವಾಗ ಬಕೆಟ್ ಮತ್ತು ಉಪಕರಣ ನೆಲಕ್ಕೆ, ಪಿಟಿಒ ಬಂದ್, ಬ್ರೇಕ್ ಬಿಗಿದು, ಕೀಲಿ ಜೇಬಿಗೆ. ಸೀಟಿನಡಿಯ ಡಬ್ಬಿಯಲ್ಲಿ ನಾಲ್ಕಾರು ಶಿಯರ್ ಬೋಲ್ಟ್, ಎರಡೂ ಅಳತೆಯ ಲಿಂಕೇಜ್ ಪಿನ್, ಒಂದು ಹಿಡಿ ಲಿಂಚ್ ಪಿನ್ (ಪಿನ್ ಕಳಚದಂತೆ ತಡೆಯುವ ಕೊಂಡಿ), ಒಂದು ಜೊತೆ ಫ್ಯೂಸ್, ಆ ಬೋಲ್ಟುಗಳಿಗೆ ಸರಿಹೊಂದುವ ಎರಡು ಸ್ಪ್ಯಾನರ್ ಇರಲಿ.